ಇಂಗ್ಲಿಷ್ ವಾಕ್ಯದ ನಡಿಗೆ

ತಪ್ಪೇ ಇಲ್ಲದ ಇಂಗ್ಲಿಷ್ ಕೂಡ ಓದಿಸಿಕೊಳ್ಳದೆ ಹೋಗುವುದುಂಟು. ಕಾಗುಣಿತ ಸರಿಯಿರುತ್ತದೆ, ಕ್ರಿಯಾಪದದ ಕಾಲ ತಪ್ಪಿರುವುದಿಲ್ಲ, 'ಎ', 'ದ'ಗಳು ತಮ್ಮ ತಮ್ಮ ಜಾಗದಲ್ಲಿರುತ್ತವೆ. ಆದರೂ ಅರ್ಧ ಪುಟ ದಾಟುವಷ್ಟರಲ್ಲಿ ಓದುವವರಿಗೆ ಸಾಕೆನಿಸುತ್ತದೆ. ಇಂಗ್ಲಿಷ್ ಪ್ರಬಂಧ ತಿದ್ದುವ ಮೇಷ್ಟರುಗಳಿಗೆ ಇಂಥ ಬರಹ ದಿನನಿತ್ಯದ ಪರಿಚಯ. ಮಾದರಿಗೆ ಒಂದನ್ನು ಕಟ್ಟಿ ತೋರಿಸುತ್ತೇನೆ: 'ಮೈ ಫಾದರ್ ಈಸ್ ಎ ಫಾರ್ಮರ್. ಹಿ ಹ್ಯಾಸ್ ಟೂ ಏಕರ್ಸ್. ಹಿ ಗ್ರೋಸ್ ರಾಗಿ. ದ ರೇನ್ಸ್ ಫೇಲ್ಡ್ ಲಾಸ್ಟ್ ಇಯರ್. ಹಿ ಸೋಲ್ಡ್ ದ ಬುಲಕ್ಸ್.'

ಐದು ವಾಕ್ಯಗಳಲ್ಲೂ ಕರ್ತೃ ಮೊದಲು, ಬೆನ್ನಿಗೇ ಕ್ರಿಯಾಪದ, ಮೂರರಿಂದ ಐದು ಪದ ಮುಗಿಯುತ್ತಲೇ ಪೂರ್ಣವಿರಾಮ. ಎತ್ತು ಮಾರಿದ್ದು ಆ ಮನೆಯ ದೊಡ್ಡ ಸಂಕಟ. ಜಮೀನು ಎಷ್ಟಿದೆ ಎಂದು ಹೇಳಿದ ದನಿಯಲ್ಲೇ ಅದನ್ನೂ ಹೇಳಿಬಿಟ್ಟಿದೆ ಈ ಬರಹ. ಯಾವುದು ಹಿನ್ನೆಲೆ, ಯಾವುದು ಕಾರಣ, ಯಾವುದು ಫಲ ಎಂಬುದನ್ನು ಓದುವವರೇ ಕೂಡಿಸಿಕೊಳ್ಳಬೇಕು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ವಾಕ್ಯರಚನೆಯಲ್ಲಿ ವೈವಿಧ್ಯ ತನ್ನಿ. ವಿದೇಶಕ್ಕೆ ಹೊರಟವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಬರವಣಿಗೆ ಭಾಗಕ್ಕೆ ನಾಲ್ಕು ಮಾನದಂಡಗಳಿವೆ. ವ್ಯಾಕರಣದ ಹರವು ಮತ್ತು ನಿಖರತೆ ಅವುಗಳಲ್ಲೊಂದು. ಮೇಲಿನ ಬ್ಯಾಂಡ್ ಬೇಕೆಂದರೆ ಬಗೆಬಗೆಯ ಮಿಶ್ರ ವಾಕ್ಯಗಳನ್ನು ಬಳಸಿ ತೋರಿಸಬೇಕು. ಜಿಆರ್‌ಇ ಪ್ರಬಂಧಕ್ಕೆ ಅತಿ ಹೆಚ್ಚಿನ ಅಂಕ ಕೊಡುವಾಗಲೂ ವಾಕ್ಯವೈವಿಧ್ಯವನ್ನು ನೋಡುತ್ತಾರೆ. ಹೀಗೆ ಅಂಕಕ್ಕೆ ಗಂಟುಬಿದ್ದ ಮೇಲೆ ವೈವಿಧ್ಯ ಬಾಯಿಪಾಠದ ವಸ್ತುವಾಯಿತು. 'ನಾಟ್ ಓನ್ಲಿ' ಎಂದು ಶುರುಮಾಡಿ 'ಬಟ್ ಆಲ್ಸೋ' ಎಂದು ಮುಗಿಸುವ ವಾಕ್ಯ ಒಂದು, 'ಹ್ಯಾವಿಂಗ್ ಸೆಡ್ ದಟ್' ಎಂದು ಹೊರಡುವುದು ಇನ್ನೊಂದು, 'ಆಲ್ದೋ' ಮತ್ತೊಂದು. ವಿಷಯ ಪರಿಸರವಾಗಲಿ, ಮೊಬೈಲ್ ಫೋನ್ ಆಗಲಿ, ಅದೇ ಅಚ್ಚು. ಈ ಬಗೆಯ ವೈವಿಧ್ಯದಿಂದ ಬರಹಕ್ಕೆ ಜೀವ ಬರುವುದಿಲ್ಲ. ವಾಕ್ಯದ ರೂಪ ಬದಲಾಗಬೇಕಾದದ್ದು ಸಂಗತಿಗಳ ನಡುವಿನ ಸಂಬಂಧ ಬದಲಾದಾಗ. ಆ ಸಂಬಂಧವನ್ನು ಕಂಡುಕೊಂಡು ಬರೆದರೆ ವೈವಿಧ್ಯ ತಾನಾಗಿ ಬರುತ್ತದೆಂಬುದು ಈ ವಿಷಯದಲ್ಲಿ ನನಗೆ ಗಟ್ಟಿಯಾಗಿರುವ ನಂಬಿಕೆ. ಐನೂರು ವರ್ಷಗಳ ಚರ್ಚೆಯನ್ನು ತಿರುವಿ ನೋಡಿದರೂ ಗಟ್ಟಿ ಕಾಳು ಸಿಗುವುದು ಈ ಕಡೆಗೇ.

ಚರ್ಚೆ ಮೊದಲಾದದ್ದು ಲ್ಯಾಟಿನ್‌ನಲ್ಲಿ. ಎರಾಸ್ಮಸ್ 1512ರಲ್ಲಿ 'ಡೆ ಕೋಪಿಯಾ' ಎಂಬ ಪಠ್ಯಪುಸ್ತಕ ಪ್ರಕಟಿಸಿದ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಹುಡುಗರಿಗಾಗಿ, ಆ ಶಾಲೆಯ ಸ್ಥಾಪಕ ಜಾನ್ ಕೋಲೆಟ್‌ಗೆ ಅರ್ಪಿಸಿದ ಪುಸ್ತಕ ಅದು. ನಿಮ್ಮ ಪತ್ರ ನೋಡಿ ತುಂಬ ಸಂತೋಷವಾಯಿತು ಎಂಬ ಒಂದೇ ಮಾತನ್ನು ನೂರಕ್ಕೂ ಹೆಚ್ಚು ರೀತಿಯಲ್ಲಿ ಹೇಳಿ ತೋರಿಸಿದ ಅಧ್ಯಾಯ ಅದರಲ್ಲಿ ಪ್ರಸಿದ್ಧ. ಆ ನೂರನ್ನೂ ಬಳಸಿ ಎಂದು ಎರಾಸ್ಮಸ್ ಹೇಳಲಿಲ್ಲ. ಕೈಯಲ್ಲಿ ನೂರು ರೂಪವಿದ್ದವನು ಸಂದರ್ಭಕ್ಕೆ ತಕ್ಕ ಒಂದನ್ನು ಆರಿಸಬಲ್ಲ, ಚಿಕ್ಕದಾಗಿ ಹೇಳಬೇಕಾದಲ್ಲಿ ಚಿಕ್ಕದಾಗಿಯೂ ಹೇಳಬಲ್ಲ ಎಂಬುದು ಅವನ ಆಶಯ.

ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಈ ವಿಚಾರ ಇಂಗ್ಲಿಷಿಗೆ ಬಂದು ನೆಲೆಯೂರಿತು. ಜಾರ್ಜ್ ಕ್ಯಾಂಪ್‌ಬೆಲ್ 1776ರಲ್ಲಿ, ಎಡಿನ್‌ಬರೋದ ಪ್ರಾಧ್ಯಾಪಕ ಹ್ಯೂ ಬ್ಲೇರ್ 1783ರಲ್ಲಿ ಪ್ರಕಟಿಸಿದ ಗ್ರಂಥಗಳು ವಾಕ್ಯಗಳನ್ನು ಎರಡು ಜಾತಿಯಾಗಿ ನೋಡಿದವು. ಕ್ಯಾಂಪ್‌ಬೆಲ್‌ನ ವಿಂಗಡಣೆಯಲ್ಲಿ ಒಂದು, ಮುಖ್ಯ ಮಾತನ್ನು ಕೊನೆಯವರೆಗೂ ತಡೆಹಿಡಿಯುವ ವಾಕ್ಯ. ಇನ್ನೊಂದು, ಮುಖ್ಯ ಮಾತನ್ನು ಮೊದಲೇ ಹೇಳಿ ವಿವರಗಳನ್ನು ಹಿಂದಿನಿಂದ ಸೇರಿಸುತ್ತ ಹೋಗುವ ಸಡಿಲ ವಾಕ್ಯ. ಮೊದಲನೆಯದಕ್ಕೆ ಗಾಂಭೀರ್ಯವಿದೆ, ಎರಡನೆಯದಕ್ಕೆ ಮಾತಿನ ಸಹಜತೆಯಿದೆ. ಒಂದೇ ಬಗೆ ಬಹಳ ಹೊತ್ತು ಮುಂದುವರಿದರೆ ಕಿವಿ ದಣಿಯುತ್ತದೆ, ಉದ್ದ ಗಿಡ್ಡ ಬೆರೆಸಿ ಎಂದ ಬ್ಲೇರ್. ಇವತ್ತಿನ ಕೈಪಿಡಿಗಳು ಹೇಳುತ್ತಿರುವುದರಲ್ಲಿ ಬಹುಪಾಲು ಅವನದೇ ಮಾತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ತನ್ನ ವಿದ್ಯಾರ್ಥಿಗಳಿಗೆಂದು ಅಚ್ಚು ಹಾಕಿಸಿದ 'ದ ಎಲಿಮೆಂಟ್ಸ್ ಆಫ್ ಸ್ಟೈಲ್' ಎಂಬ ಕಿರುಪುಸ್ತಕ ಮುಂದೆ ಜಗತ್ತಿನ ತುಂಬ ಹರಡಿತು. ಸ್ಟ್ರಂಕ್‌ನ ಹಳೆಯ ವಿದ್ಯಾರ್ಥಿ ಇ.ಬಿ. ವೈಟ್ 1959ರಲ್ಲಿ ಅದನ್ನು ಪರಿಷ್ಕರಿಸಿದ. ಸಡಿಲ ವಾಕ್ಯಗಳನ್ನು ಒಂದರ ಹಿಂದೆ ಒಂದು ಹೂಡಬೇಡಿ ಎಂಬುದು ಅದರ ನಿಯಮಗಳಲ್ಲೊಂದು. 'ಅಂಡ್', 'ಬಟ್', 'ಹೂ', 'ವಿಚ್' ಹಾಕಿ ಎರಡೆರಡು ತುಂಡು ಜೋಡಿಸಿದ ವಾಕ್ಯಗಳೇ ಸಾಲಾಗಿ ಬಂದರೆ ಬರಹ ಲೋಲಕದ ಹಾಗೆ ತೂಗುತ್ತದೆ. ನಮ್ಮ ಅನೇಕ ಇಂಗ್ಲಿಷ್ ವರದಿಗಳಲ್ಲಿ ಇವತ್ತಿಗೂ ಇರುವ ದೋಷ ಇದೇ.

ಬ್ರಿಟನ್ನಿನ ಫೌಲರ್ ಸಹೋದರರು ಎಚ್ಚರಿಸಿದ್ದು ಬೇರೊಂದು ಅಪಾಯದ ಬಗ್ಗೆ. ಒಂದು ಪದ ಮತ್ತೆ ಬಂದರೆ ಚೆನ್ನಾಗಿರದು ಎಂದು ಬಲವಂತವಾಗಿ ಬೇರೆ ಪದ ಹುಡುಕುವ ಚಾಳಿಯನ್ನು ಅವರು 1906ರಷ್ಟು ಹಿಂದೆಯೇ ಖಂಡಿಸಿದರು. ನಮ್ಮ ಇಂಗ್ಲಿಷ್ ಕ್ರಿಕೆಟ್ ವರದಿಗಳನ್ನು ನೋಡಿ: ಒಬ್ಬನೇ ಆಟಗಾರ ಮೊದಲ ವಾಕ್ಯದಲ್ಲಿ ಹೆಸರಿನಿಂದ ಬರುತ್ತಾನೆ, ಎರಡನೆಯದರಲ್ಲಿ 'ದ ರೈಟ್-ಹ್ಯಾಂಡರ್', ಮೂರನೆಯದರಲ್ಲಿ 'ದ ಬೆಂಗಳೂರು ಬ್ಯಾಟರ್'. ಗೊತ್ತಿಲ್ಲದವರು ಮೂವರು ಆಡುತ್ತಿದ್ದಾರೆಂದೇ ತಿಳಿಯಬೇಕು. ಪದ ಬದಲಾದರೆ ಓದುಗನ ಮನಸ್ಸಿನಲ್ಲಿ ವಸ್ತುವೂ ಬದಲಾಗುತ್ತದೆ. ಹೆಸರು ಅದೇ ಇರಲಿ, ವಾಕ್ಯದಲ್ಲಿ ಅದರ ಜಾಗ ಬದಲಾಗಲಿ.

ಈ ಎಲ್ಲ ನಿಯಮಗಳನ್ನು ಒರೆಗೆ ಹಚ್ಚಲು ನನಗೆ ಯಾವಾಗಲೂ ನೆನಪಾಗುವುದು 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಅಬ್ರಹಾಂ ಲಿಂಕನ್ ಮಾಡಿದ ಭಾಷಣ. ಅದಕ್ಕೆ ಮುಂಚೆ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದ್ದ. ಲಿಂಕನ್ ಆಡಿದ್ದು 270ರ ಆಸುಪಾಸು ಪದ, ಹತ್ತೇ ವಾಕ್ಯ. ಮೊದಲ ವಾಕ್ಯ ಮೂವತ್ತು ಪದಗಳಷ್ಟು ಉದ್ದವಾಗಿ, ದೇಶ ಹುಟ್ಟಿದ ಕಾಲಕ್ಕೆ ಕೇಳುಗರನ್ನು ಕರೆದೊಯ್ಯುತ್ತದೆ. ಮೂರನೆಯ ವಾಕ್ಯಕ್ಕೆ ಬಂದಾಗ ಅವರೆಲ್ಲ ನಿಂತಿರುವ ರಣರಂಗ ಎದುರಾಗುತ್ತದೆ, ವಾಕ್ಯ ಹತ್ತೇ ಪದಕ್ಕೆ ಇಳಿಯುತ್ತದೆ. ಐದನೆಯದೂ ಹನ್ನೊಂದು ಪದ. ಆಮೇಲೆ ಇಪ್ಪತ್ತರ ಸುತ್ತಮುತ್ತಲಿನ ಅಳತೆಯಲ್ಲಿ ಸಮನಾಗಿ ಸಾಗಿ, ಕೊನೆಯ ವಾಕ್ಯ ಎಂಬತ್ತು ಪದ ದಾಟಿ ಹರಿಯುತ್ತದೆ. ಇಡೀ ಭಾಷಣದ ಮೂರನೇ ಒಂದು ಪಾಲಿಗೆ ಸಮೀಪದಷ್ಟು ಅದೊಂದೇ ವಾಕ್ಯ. ಸತ್ತವರ ಕೆಲಸ ಬದುಕಿರುವವರ ಹೆಗಲಿಗೆ ಬರುವುದು ಅಲ್ಲೇ.

ಇಲ್ಲಿ ಕೈಪಿಡಿಗಳು ಹೇಳದ ಸಂಗತಿಯೊಂದಿದೆ. ಲಿಂಕನ್ ವಾಕ್ಯದ ಆರಂಭಗಳನ್ನು ಬದಲಾಯಿಸಲು ಹೋಗಲೇ ಇಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ವಾಕ್ಯಗಳಿಗೆ 'ನಾವು' ಎಂಬುದೇ ಕರ್ತೃ. ಕೊನೆಯ ಎರಡು ವಾಕ್ಯಗಳು ಹೆಚ್ಚುಕಡಿಮೆ ಒಂದೇ ಪದಗಳಿಂದ ಹೊರಡುತ್ತವೆ. ನಡುವಿನ ಒಂದು ವಾಕ್ಯದಲ್ಲಿ 'ನಮ್ಮಿಂದಾಗದು' ಎಂಬ ಅರ್ಥದ ತುಣುಕು ಮೂರು ಸಲ ಬರುತ್ತದೆ. ಇವತ್ತಿನ ಪರೀಕ್ಷೆಯಲ್ಲಿ ಒಬ್ಬ ಹುಡುಗ ಹೀಗೆ ಬರೆದಿದ್ದರೆ ಆರಂಭಗಳಲ್ಲಿ ವೈವಿಧ್ಯವಿಲ್ಲ ಎಂದು ಕೆಂಪು ಶಾಯಿ ಬೀಳಬಹುದಿತ್ತು. ಆದರೆ ಕೇಳುಗರು ಜೊತೆಗೂಡಿ ನಿಂತಿದ್ದಾರೆ ಎಂಬ ಭಾವವನ್ನು ಕಟ್ಟಿದ್ದೇ ಆ ಪುನರಾವರ್ತನೆ. ಆರಂಭ ಒಂದೇ ಇದ್ದುದರಿಂದಲೇ ಉದ್ದದ ಏರಿಳಿತ ಕಿವಿಗೆ ತಾಕುತ್ತದೆ. ಯಾವುದಾದರೊಂದು ಸ್ಥಿರವಾಗಿರದಿದ್ದರೆ ಬದಲಾವಣೆ ಬದಲಾವಣೆಯೆಂದು ಗೊತ್ತಾಗುವುದಾದರೂ ಹೇಗೆ?

ನಿಯಮ ಹೇಳುವುದನ್ನು ಬಿಟ್ಟು ಎಣಿಸತೊಡಗಿದ ವಿದ್ವಾಂಸರ ಪರಂಪರೆಯೂ ಇದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಎಲ್.ಎ. ಶೆರ್ಮನ್ 1893ರ ತನ್ನ ಗ್ರಂಥದಲ್ಲಿ, ಎಲಿಜಬೆತ್ ರಾಣಿಗಿಂತ ಹಿಂದಿನವರ ಗದ್ಯದಲ್ಲಿ ವಾಕ್ಯಕ್ಕೆ ಸರಾಸರಿ ಸುಮಾರು 50 ಪದಗಳಿದ್ದದ್ದು ತನ್ನ ಕಾಲಕ್ಕೆ 23ಕ್ಕೆ ಇಳಿದಿದೆ ಎಂದು ತೋರಿಸಿದ. ಎಪ್ಪತ್ತು ವರ್ಷದ ನಂತರ, 1963ರಲ್ಲಿ, ಫ್ರಾನ್ಸಿಸ್ ಕ್ರಿಸ್ಟೆನ್ಸನ್ ಎಂಬ ಅಧ್ಯಾಪಕ ಇನ್ನೂ ಉಪಯುಕ್ತವಾದ ಎಣಿಕೆ ಮಾಡಿದ. ವಾಕ್ಯವನ್ನು ಸದಾ ಕರ್ತೃವಿನಿಂದ ಶುರುಮಾಡಬೇಡಿ ಎಂದು ಪಠ್ಯಪುಸ್ತಕಗಳೆಲ್ಲ ಹೇಳುತ್ತಿದ್ದವಲ್ಲ, ಒಳ್ಳೆಯ ಲೇಖಕರು ನಿಜಕ್ಕೂ ಏನು ಮಾಡುತ್ತಾರೆ ಎಂದು ಅಮೆರಿಕದ ವೃತ್ತಿಪರ ಲೇಖಕರ ಸಾವಿರಾರು ವಾಕ್ಯಗಳನ್ನು ತೆಗೆದು ನೋಡಿದ. ಮುಕ್ಕಾಲು ಪಾಲು ವಾಕ್ಯಗಳು ಕರ್ತೃವಿನಿಂದಲೇ ಶುರುವಾಗಿದ್ದವು. ಉಳಿದ ಕಾಲು ಪಾಲಿನಲ್ಲಿ ಬಹುತೇಕ ಎಲ್ಲವೂ ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ಸಾದಾ ತುಣುಕುಗಳಿಂದ ಹೊರಟಿದ್ದವು. ಪಠ್ಯಪುಸ್ತಕಗಳ ಮುದ್ದಿನ ಅಲಂಕಾರವಾದ, 'ಇಂಗ್' ಹಚ್ಚಿದ ಕ್ರಿಯಾರೂಪದಿಂದ ತೆರೆಯುವ ವಾಕ್ಯ ನೂರಕ್ಕೊಂದು ಸಿಕ್ಕರೆ ಹೆಚ್ಚು.

ಹಾಗಾದರೆ ಒಳ್ಳೆಯ ಗದ್ಯದ ವೈವಿಧ್ಯ ಎಲ್ಲಿದೆ? ವಾಕ್ಯದ ಬಾಲದಲ್ಲಿ ಎಂದ ಕ್ರಿಸ್ಟೆನ್ಸನ್. ಮುಖ್ಯ ಮಾತು ಮುಗಿದ ಮೇಲೆ ಅಲ್ಪವಿರಾಮ ಹಾಕಿ ವಿವರವೊಂದನ್ನು ಸೇರಿಸುವುದು, ಅದಕ್ಕೆ ಇನ್ನೂ ಹತ್ತಿರದ ವಿವರ ಮತ್ತೊಂದು. ಉದಾಹರಣೆಗೆ, 'ದ ಬಸ್ ಸ್ಟಾಪ್ಡ್ ಅಟ್ ದ ಬ್ರಿಡ್ಜ್, ಇಟ್ಸ್ ರೂಫ್ ಪೈಲ್ಡ್ ವಿತ್ ಅರೆಕಾನಟ್ ಸ್ಯಾಕ್ಸ್, ದ ಡ್ರೈವರ್ ಲೀನಿಂಗ್ ಔಟ್ ಟು ಲುಕ್ ಅಟ್ ದ ವಾಟರ್.' ಬಸ್ಸು ಸೇತುವೆ ಹತ್ತಿರ ನಿಂತಿತು ಎಂಬುದು ಆರು ಪದಗಳ ಮಾತು. ಟಾಪಿನ ಮೇಲಿನ ಅಡಕೆ ಮೂಟೆ, ನೀರು ನೋಡಲು ಬಗ್ಗಿದ ಡ್ರೈವರ್ ಎರಡೂ ಬಾಲದಲ್ಲಿ ಬಂದು ಚಿತ್ರ ಪೂರ್ತಿಯಾಗುತ್ತದೆ. ಬರೆಯುವವನು ನೋಡುತ್ತ ನೋಡುತ್ತ ಬರೆದಂತಿರುತ್ತದೆ. ನನ್ನ ಮಟ್ಟಿಗೆ ಈ ಇಡೀ ಸಾಹಿತ್ಯದಲ್ಲಿ ಇಷ್ಟು ಕೆಲಸಕ್ಕೆ ಬರುವ ತಿಳಿವಳಿಕೆ ಇನ್ನೊಂದಿಲ್ಲ.

ಇದನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆಗೂ ಆ ದಶಕಗಳಲ್ಲಿ ಒಳ್ಳೆಯ ಕೆಲಸ ನಡೆಯಿತು. ಕೆಲಾಗ್ ಹಂಟ್ 1965ರಲ್ಲಿ ಶಾಲಾಮಕ್ಕಳ ಬರಹ ಅಳೆದ. ಒಂದು ಪ್ರಧಾನ ವಾಕ್ಯ, ಅದಕ್ಕೆ ಅಂಟಿಕೊಂಡ ಉಪವಾಕ್ಯಗಳು, ಎಲ್ಲ ಸೇರಿ ಒಂದು ಘಟಕ ಎಂದಿಟ್ಟುಕೊಂಡರೆ, ನಾಲ್ಕನೇ ತರಗತಿಯ ಮಕ್ಕಳಲ್ಲಿ ಅದರ ಸರಾಸರಿ ಉದ್ದ 8.6 ಪದ, ಹನ್ನೆರಡನೇ ತರಗತಿಯಲ್ಲಿ 14.4. ಬುದ್ಧಿ ಬೆಳೆದಂತೆ ಮಕ್ಕಳು ಒಂದು ಉಸಿರಿನಲ್ಲಿ ಹೆಚ್ಚು ಸಂಗತಿಗಳನ್ನು ಹೆಣೆಯುತ್ತಾರೆ. ಫ್ರಾಂಕ್ ಓ'ಹೇರ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಏಳನೇ ತರಗತಿಯವರಿಗೆ ವ್ಯಾಕರಣದ ಪರಿಭಾಷೆಯನ್ನೇ ಹೇಳದೆ, ಚಿಕ್ಕ ವಾಕ್ಯಗಳನ್ನು ಕೂಡಿಸಿ ಬರೆಯುವ ಅಭ್ಯಾಸ ಮಾತ್ರ ಕೊಟ್ಟ. ಅವರ ಬರಹ ತಮಗಿಂತ ದೊಡ್ಡ ಮಕ್ಕಳ ಬರಹದ ಮಟ್ಟಕ್ಕೆ ಏರಿತು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ, ಪರಿಣಾಮಕಾರಿ ಎನಿಸಿದ ಹನ್ನೊಂದು ವಿಧಾನಗಳಲ್ಲಿ ವಾಕ್ಯ ಕೂಡಿಸುವುದಕ್ಕೂ ಸ್ಥಾನ ಸಿಕ್ಕಿತು. ವ್ಯಾಕರಣವನ್ನು ಬಿಡಿಯಾಗಿ ಪಾಠ ಮಾಡಿದ್ದರ ಪರಿಣಾಮ ಸೊನ್ನೆಗಿಂತ ಕೆಳಗಿತ್ತು. ದುಃಖದ ಸಂಗತಿಯೆಂದರೆ, ಅಷ್ಟರಲ್ಲಾಗಲೇ ಅಮೆರಿಕದ ಕಾಲೇಜುಗಳು ಈ ಅಭ್ಯಾಸವನ್ನು ಕೈಬಿಟ್ಟಿದ್ದವು. ವಾಕ್ಯವೇ ಪಠ್ಯಕ್ರಮದಿಂದ ಅಳಿಸಿಹೋಯಿತು ಎಂದು ರಾಬರ್ಟ್ ಕಾನರ್ಸ್ 2000ದಲ್ಲಿ ಒಂದು ಲೇಖನವನ್ನೇ ಬರೆದ. ಕೆಲಸ ಮಾಡುವುದಿಲ್ಲವೆಂದು ಯಾರೂ ಸಾಧಿಸಿರಲಿಲ್ಲ, ಸುಮ್ಮನೆ ಗಾಳಿ ಬದಲಾಗಿತ್ತು.

ಈಗ ರಾಗಿ ಬೆಳೆಯುವ ಆ ಅಪ್ಪನ ಐದು ವಾಕ್ಯಗಳನ್ನು ಕೂಡಿಸಿ ನೋಡೋಣ. 'ವೆನ್ ದ ರೇನ್ಸ್ ಫೇಲ್ಡ್ ಲಾಸ್ಟ್ ಇಯರ್, ಮೈ ಫಾದರ್, ಹೂ ಗ್ರೋಸ್ ರಾಗಿ ಆನ್ ಟೂ ಏಕರ್ಸ್, ಸೋಲ್ಡ್ ದ ಬುಲಕ್ಸ್.' ಮಳೆ ಹಿನ್ನೆಲೆಗೆ ಸರಿಯಿತು, ಜಮೀನು ಅಪ್ಪನ ಪರಿಚಯವಾಯಿತು, ಎತ್ತಿನ ಮಾರಾಟ ವಾಕ್ಯದ ತುದಿಗೆ ಬಂತು. ಇಂಗ್ಲಿಷಿನಲ್ಲಿ ಒತ್ತು ಬೀಳುವ ಜಾಗ ವಾಕ್ಯದ ಕೊನೆ. ಓದುಗನಿಗೆ ಗೊತ್ತಿರುವುದು ಮೊದಲು, ಹೊಸದು ಆಮೇಲೆ ಎಂಬುದು ಆ ಭಾಷೆಯ ಸಹಜ ಕ್ರಮವೆಂದು ಪ್ರಾಗ್ ನಗರದ ಭಾಷಾಶಾಸ್ತ್ರಜ್ಞರಿಂದ ಹಿಡಿದು ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ಮಹಾವ್ಯಾಕರಣದವರೆಗೆ ವಿವರಿಸಲಾಗಿದೆ. ಇನ್ನೊಂದು ರೂಪ: 'ಮೈ ಫಾದರ್ ಗ್ರೋಸ್ ರಾಗಿ ಆನ್ ಟೂ ಏಕರ್ಸ್ ದಟ್ ಡಿಪೆಂಡ್ ಎಂಟೈರ್ಲಿ ಆನ್ ದ ಮಾನ್ಸೂನ್. ಲಾಸ್ಟ್ ಇಯರ್ ದ ರೇನ್ಸ್ ಫೇಲ್ಡ್. ಹಿ ಸೋಲ್ಡ್ ದ ಬುಲಕ್ಸ್.' ಮೊದಲಿನ ಹದಿಮೂರು ಪದಗಳ ವಾಕ್ಯ ಬದುಕಿನ ಸ್ಥಿತಿಯನ್ನು ಹಾಸಿಕೊಟ್ಟ ಮೇಲೆ ಬರುವ ಎರಡು ಗಿಡ್ಡ ವಾಕ್ಯಗಳಿಗೆ ಈಗ ತೂಕವಿದೆ. ಗಮನಿಸಿ, ಕೊನೆಯ ವಾಕ್ಯ ಮೊದಲ ಮಾದರಿಯಲ್ಲಿದ್ದದ್ದೇ, ಒಂದಕ್ಷರವೂ ಬದಲಾಗಿಲ್ಲ. ಗಿಡ್ಡ ವಾಕ್ಯದಲ್ಲಿ ದೋಷವಿರಲಿಲ್ಲ, ಅದರ ನೆರೆಹೊರೆಯಲ್ಲಿತ್ತು. ಎರಡು ರೂಪಗಳಲ್ಲಿ ಯಾವುದು ಮೇಲು ಎಂಬುದು ಬರೆಯುವವನು ಏನನ್ನು ಹೇಳಹೊರಟಿದ್ದಾನೆ ಎಂಬುದರ ಮೇಲೆ ನಿಂತಿದೆ. ಸಾಲದ ಅರ್ಜಿಗೆ ಮೊದಲನೆಯದು ಸರಿ. ಅಪ್ಪನ ಬಗ್ಗೆ ಬರೆಯುವುದಾದರೆ ಎರಡನೆಯದು.

ಇಲ್ಲಿ ಕನ್ನಡಿಗರಿಗೆ ಎದುರಾಗುವ ತೊಡಕು ಇಂಗ್ಲಿಷರಿಗೆ ಇಲ್ಲದ್ದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಇರುವುದರಿಂದ ಪದಗಳನ್ನು ಹೇಗೆ ಸರಿಸಿದರೂ ಅರ್ಥ ಕೆಡುವುದಿಲ್ಲ. ಅಪ್ಪ ಎತ್ತನ್ನು ಮಾರಿದ ಎನ್ನಬಹುದು, ಎತ್ತನ್ನು ಅಪ್ಪ ಮಾರಿದ ಎನ್ನಬಹುದು, ಮಾರಿದ ಅಪ್ಪ ಎತ್ತನ್ನು ಎಂದರೂ ನಡೆಯುತ್ತದೆ. ಒತ್ತು ಬೇಕಾದರೆ 'ಏ' ಸೇರಿಸಿದರಾಯಿತು: ಅಪ್ಪನೇ ಮಾರಿದ, ಎತ್ತನ್ನೇ ಮಾರಿದ. ಇಂಗ್ಲಿಷಿಗೆ ಈ ಸೌಕರ್ಯಗಳಿಲ್ಲ. ಪದದ ಜಾಗವೇ ಅಲ್ಲಿ ವಿಭಕ್ತಿ. 'ಏ'ಕಾರದ ಕೆಲಸಕ್ಕೆ ಇಡೀ ವಾಕ್ಯವನ್ನೇ ಬೇರೆ ಚೌಕಟ್ಟಿನಲ್ಲಿ ಕಟ್ಟಬೇಕು: 'ಇಟ್ ವಾಸ್ ಮೈ ಫಾದರ್ ಹೂ ಸೋಲ್ಡ್ ದೆಮ್.' ಕನ್ನಡದಲ್ಲಿ ಸೊಗಸಾಗಿ ಮಾತಾಡುವವರೂ ಇಂಗ್ಲಿಷ್ ಬರೆಯುವಾಗ ಸಪ್ಪೆಯಾಗುವುದು ಇದೇ ಕಾರಣಕ್ಕೆ. ಅವರ ಏರಿಳಿತವೆಲ್ಲ ಪ್ರತ್ಯಯಗಳಲ್ಲಿತ್ತು, ಪ್ರತ್ಯಯಗಳು ಈ ಕಡೆ ಬರಲಿಲ್ಲ, ಬದಲಿಗೆ ಇಲ್ಲಿ ಏನಿದೆ ಎಂದು ಯಾರೂ ತೋರಿಸಿಕೊಡಲಿಲ್ಲ.

ಕೃದಂತಾವ್ಯಯದ ಕಥೆ ಇನ್ನೊಂದು. ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪೇಪರ್ ಓದಿ ಹೊರಟ ಎಂದು ನಾವು ಎಷ್ಟು ಕ್ರಿಯೆಗಳನ್ನಾದರೂ ಒಂದೇ ವಾಕ್ಯದಲ್ಲಿ ಪೋಣಿಸುತ್ತೇವೆ. ಬಸ್ಸಿಳಿದು ನೋಡಿದರೆ ಅಂಗಡಿ ಮುಚ್ಚಿತ್ತು ಎಂಬುದು ಶುದ್ಧ ಕನ್ನಡ. ಇಳಿದವರು ಯಾರು ಎಂದು ಹೇಳದಿದ್ದರೂ ಯಾರಿಗೂ ಗೊಂದಲವಿಲ್ಲ. ಅದೇ ಧಾಟಿಯಲ್ಲಿ 'ಗೆಟಿಂಗ್ ಆಫ್ ದ ಬಸ್, ದ ಶಾಪ್ ವಾಸ್ ಕ್ಲೋಸ್ಡ್' ಎಂದು ಬರೆದರೆ, ಅಂಗಡಿಯೇ ಬಸ್ಸಿನಿಂದ ಇಳಿದಂತಾಗುತ್ತದೆ. ವೈವಿಧ್ಯಕ್ಕಾಗಿ 'ಇಂಗ್' ರೂಪದಿಂದ ವಾಕ್ಯ ಶುರುಮಾಡಿ ಎಂದು ಕಲಿಸಿದಾಗ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಒಳ್ಳೆಯ ಲೇಖಕರೇ ನೂರಕ್ಕೊಂದು ಸಲ ಬಳಸುವ ರೂಪವನ್ನು ಮೊದಲ ಪಾಠವಾಗಿ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಈ ತೊಡಕಿನೊಂದಿಗೆ ಜೀವಮಾನವಿಡೀ ಗುದ್ದಾಡಿದವರು. ದ್ರಾವಿಡ ಭಾಷೆಯ ವಾಕ್ಯ ಎಡಕ್ಕೆ ಕವಲೊಡೆಯುತ್ತದೆ, ಇಂಗ್ಲಿಷ್ ಬಲಕ್ಕೆ ಎಂಬುದನ್ನು ತಮಿಳು ಕವಿತೆಯ ಅನುವಾದ ಕುರಿತ ಪ್ರಬಂಧದಲ್ಲಿ ಅವರು ಬಿಡಿಸಿ ತೋರಿಸಿದ್ದಾರೆ. ನಮ್ಮಲ್ಲಿ ವಿಶೇಷಣವೆಲ್ಲ ನಾಮಪದಕ್ಕೆ ಮುಂಚೆ ಬಂದು ಕೂರುತ್ತದೆ. ಅವರಲ್ಲಿ 'ಹೂ', 'ವಿಚ್' ಹಿಡಿದು ಹಿಂದಿನಿಂದ ಬರುತ್ತದೆ. ಅನಂತಮೂರ್ತಿಯವರ 'ಸಂಸ್ಕಾರ'ವನ್ನು 1976ರಲ್ಲಿ ಇಂಗ್ಲಿಷಿಗೆ ತಂದಾಗಲೂ ಅವರ ಮುಂದಿದ್ದದ್ದು ಇದೇ ಸವಾಲು.

ತೊಡಕನ್ನೇ ಸಂಪತ್ತು ಮಾಡಿಕೊಂಡವರು ಹಾಸನದಲ್ಲಿ ಹುಟ್ಟಿದ ರಾಜಾ ರಾವ್. 1938ರ 'ಕಾಂತಾಪುರ'ದ ಮುನ್ನುಡಿಯಲ್ಲಿ, ನಮ್ಮ ಬದುಕಿನ ವೇಗ ನಮ್ಮ ಇಂಗ್ಲಿಷಿಗೂ ಬರಬೇಕು ಎಂಬ ನಿಲುವನ್ನು ಅವರು ಸ್ಪಷ್ಟವಾಗಿ ಹೇಳಿಕೊಂಡರು. ಕಥೆ ಹೇಳುವ ಅಚ್ಚಕ್ಕ ಸ್ಥಳಪುರಾಣ ಹೇಳುವ ಹಳ್ಳಿಯ ಅಜ್ಜಿ. ಅವಳ ವಾಕ್ಯಗಳು 'ಅಂಡ್' ಹಿಡಿದು ಅರ್ಧ ಪುಟದವರೆಗೂ ಹರಿಯುತ್ತವೆ. ಸ್ಟ್ರಂಕ್ ಬೇಡವೆಂದದ್ದನ್ನೇ ರಾಜಾ ರಾವ್ ಬೇಕೆಂದು ಮಾಡಿದರು, ಏಕೆಂದರೆ ಅಜ್ಜಿಯ ಉಸಿರು ಇರುವುದೇ ಹಾಗೆ. ಇದಕ್ಕೆ ಮೂರು ವರ್ಷ ಮುಂಚೆ, ಮೈಸೂರು ಸಂಸ್ಥಾನದಲ್ಲಿ ಕೂತು ಬರೆದ 'ಸ್ವಾಮಿ ಅಂಡ್ ಫ್ರೆಂಡ್ಸ್' ಅನ್ನು ಆರ್.ಕೆ. ನಾರಾಯಣ್ ಪ್ರಕಟಿಸಿದ್ದರು. ಅಲ್ಲಿನ ವಾಕ್ಯಗಳು ಚಿಕ್ಕವು, ನೇರವಾದವು, ಹೆಚ್ಚಿನವು ಕರ್ತೃವಿನಿಂದಲೇ ಶುರುವಾಗುವಂಥವು. ಆದರೂ ಎಲ್ಲಿಯೂ ಬೇಸರ ತರುವುದಿಲ್ಲ, ಏಕೆಂದರೆ ಅವು ಒಬ್ಬ ಹುಡುಗನ ಮನಸ್ಸು ಓಡಿದ ಹಾಗೆ ಓಡುತ್ತವೆ, ಅವನು ಹೆದರಿದಲ್ಲಿ ತುಂಡಾಗುತ್ತವೆ, ಹಗಲುಗನಸು ಕಂಡಲ್ಲಿ ಉದ್ದವಾಗುತ್ತವೆ. ಉದ್ದ ವಾಕ್ಯ ಮೇಲೋ ಗಿಡ್ಡದು ಮೇಲೋ ಎಂದು ಕೇಳುವವರಿಗೆ ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಲು ಹೇಳುತ್ತೇನೆ.

ಯಂತ್ರಗಳ ಅಳತೆಯ ಬಗ್ಗೆ ಎರಡು ಮಾತು ಸಾಕು. ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಓದುಸುಲಭತೆಯ ಸೂತ್ರ ವಾಕ್ಯದ ಸರಾಸರಿ ಉದ್ದವನ್ನೂ ಪದಗಳ ಉಚ್ಚಾರಾಂಶಗಳನ್ನೂ ಹಿಡಿದು ಅಂಕ ಕೊಡುತ್ತದೆ. ಇಂಥ ಸೂತ್ರಗಳು ಈಗ ಕಂಪ್ಯೂಟರಿನೊಳಗೇ ಕೂತಿವೆ. ಸರಾಸರಿ ಮಾತ್ರ ಗೊತ್ತಿರುವ ಸೂತ್ರಕ್ಕೆ ಲಿಂಕನ್‌ನ ಹತ್ತೂ ಎಂಬತ್ತೂ ಕಾಣುವುದಿಲ್ಲ. ಈಚಿನ ವರ್ಷಗಳಲ್ಲಿ, ಬರೆದದ್ದು ಮನುಷ್ಯರೋ ಯಂತ್ರವೋ ಎಂದು ಪತ್ತೆಹಚ್ಚುತ್ತೇವೆನ್ನುವ ತಂತ್ರಾಂಶಗಳು ವಾಕ್ಯಗಳ ಏರಿಳಿತವನ್ನೂ ಪದಗಳ ಅನಿರೀಕ್ಷಿತತೆಯನ್ನೂ ಗುರುತಾಗಿ ಹಿಡಿದಿವೆ. ಇಂಥ ಏಳು ತಂತ್ರಾಂಶಗಳನ್ನು 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದಾಗ, ಇಂಗ್ಲಿಷ್ ತಾಯ್ನುಡಿಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳಲ್ಲಿ ಸರಾಸರಿ ನೂರಕ್ಕೆ 61ರಷ್ಟನ್ನು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಸೀಮಿತ ಪದಗಳಲ್ಲಿ, ಕಲಿಸಿಕೊಟ್ಟ ಅಚ್ಚಿನಲ್ಲಿ, ಪ್ರಾಮಾಣಿಕವಾಗಿ ಬರೆದವರಿಗೆ ಬಿದ್ದ ಏಟು ಇದು. ನಮ್ಮೂರುಗಳಿಂದ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮಕ್ಕಳು ಇಂಥದೇ ಸಾಲಿನಲ್ಲಿ ನಿಂತವರು. ಅವರ ಬಗ್ಗೆ ನನಗೆ ಕಳವಳವಿದೆ.

ವಾಕ್ಯ ಕೂಡಿಸುವ ಅಭ್ಯಾಸಕ್ಕೆ ನಮ್ಮ ತರಗತಿಗಳಲ್ಲಿ ಸಾಮಗ್ರಿ ಇಲ್ಲವೆಂದಲ್ಲ. 1930ರ ದಶಕದಿಂದ ನಾವು ಬಳಸುತ್ತ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ವಾಕ್ಯಗಳನ್ನು ಕೂಡಿಸುವ, ರೂಪಾಂತರಿಸುವ ಅಧ್ಯಾಯಗಳೇ ಇವೆ. ಓ'ಹೇರ್ ಪ್ರಯೋಗಕ್ಕೆ ಸುಮಾರು ನಾಲ್ಕು ದಶಕ ಮುಂಚಿನ ಸರಕು ಅದು. ಆದರೆ ಅಲ್ಲಿ ಎರಡು ವಾಕ್ಯಕ್ಕೆ ಒಂದೇ ಉತ್ತರ, ಉತ್ತರಕ್ಕೆ ಒಂದು ಅಂಕ. ಕೂಡಿಸಿದಾಗ ಏನು ಮುಂದೆ ಬಂತು, ಏನು ಹಿಂದೆ ಸರಿಯಿತು ಎಂದು ಕೇಳುವವರಿಲ್ಲ. ಐದು ವಾಕ್ಯ ಕೊಟ್ಟು, ಒಬ್ಬೊಬ್ಬರೂ ತಮಗೆ ತೋಚಿದಂತೆ ಕೂಡಿಸಿ ತರಲಿ, ನಾಲ್ಕೈದನ್ನು ಬೋರ್ಡಿನ ಮೇಲೆ ಬರೆಯಲಿ, ಗಟ್ಟಿಯಾಗಿ ಓದಲಿ. ಒಂದು ಪೋಲೀಸ್ ದೂರಿಗೆ, ಇನ್ನೊಂದು ಅಜ್ಜಿಗೆ ಬರೆಯುವ ಕಾಗದಕ್ಕೆ, ಮತ್ತೊಂದು ಪತ್ರಿಕೆಯ ಸುದ್ದಿಗೆ ಎಂದು ಮಕ್ಕಳೇ ಹಂಚಲಿ. ಅದಾದ ಮೇಲೆ ಕನ್ನಡದ ಒಂದು ಉದ್ದ ವಾಕ್ಯ ಕೊಟ್ಟು, ಇದನ್ನು ಇಂಗ್ಲಿಷಿನಲ್ಲಿ ಎಷ್ಟು ತುಂಡು ಮಾಡುತ್ತೀರಿ, ಯಾವ ತುಂಡು ಕೊನೆಗೆ ಬರಬೇಕು ಎಂದು ಕೇಳಬೇಕು. ಇದಕ್ಕೆ ಬೇರೆ ಪಠ್ಯಪುಸ್ತಕ ಬೇಡ, ಒಂದು ಪೀರಿಯಡ್‌ನ ಕೊನೆಯ ಕಾಲು ಗಂಟೆ ಸಾಕು. ಅಂಕದ ಭಯವಿಲ್ಲದ ಎಂಟನೇ ತರಗತಿಯಲ್ಲೇ ಇದನ್ನು ಶುರುಮಾಡುವುದು ಒಳ್ಳೆಯದು.